ನಡೆದರೆ ಸಕ್ಕರೆ ಎಲ್ಲಿಗೆ ಹೋಗುತ್ತದೆ?

ಜುಮಾ ಮುಗಿಸಿ ಹೊರಬರುವಾಗ ಹಿರಿಯರೊಬ್ಬರು ಕೈ ಹಿಡಿದು ನಿಲ್ಲಿಸಿದರು. "ಉಸ್ತಾದ್, ದಿನಾ ನಡೆಯಿರಿ ಅಂತಾರೆ ಡಾಕ್ಟರ್. ನಡೆದರೆ ರಕ್ತದ ಸಕ್ಕರೆ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದರು. ಅವರಿಗೆ ಸಕ್ಕರೆ ಕಾಯಿಲೆ ಶುರುವಾಗಿ ವರ್ಷಗಳಾಗಿವೆ. ಈಗ ಆ ಕಾಯಿಲೆ ಅನೇಕ ಮನೆಗಳಲ್ಲಿದೆ. ನಮಗೆ ಬಿರಿಯಾನಿ ಬಿಡಲಾಗದು, ನಡೆಯಲು ಪುರುಸೊತ್ತೂ ಇರುವುದಿಲ್ಲ.

ಉತ್ತರ ನಮ್ಮ ಸ್ನಾಯುಗಳಲ್ಲಿದೆ. ಸ್ನಾಯುವಿನ ಜೀವಕೋಶ ಸಕ್ಕರೆಯನ್ನು ನೇರವಾಗಿ ಬಳಸಲಾರದು. ಅದಕ್ಕೆ ಬೇಕಾದದ್ದು ಎಟಿಪಿ ಎಂಬ ರಾಸಾಯನಿಕ. ಅದನ್ನು ಜೇಬಿನ ಚಿಲ್ಲರೆ ಎನ್ನೋಣ. ಕೂಡಿಟ್ಟ ಚಿಲ್ಲರೆ ಎರಡು ಮೂರು ಸೆಕೆಂಡಿನ ರಭಸದ ಕೆಲಸಕ್ಕಷ್ಟೇ ಸಾಕು. ಹಾಗಾಗಿ ಕೆಲಸ ನಡೆಯುತ್ತಿರುವಾಗಲೇ ಹೊಸದು ತಯಾರಾಗುತ್ತಿರಬೇಕು. ಬಸ್ಸು ಹಿಡಿಯಲು ಓಡಿದಾಗ ಮೊದಲ ಹತ್ತು ಸೆಕೆಂಡು ಕ್ರಿಯೇಟಿನ್ ಫಾಸ್ಫೇಟ್ ಎಂಬ ದಾಸ್ತಾನು ನೆರವಾಗುತ್ತದೆ. ಓಟ ಮುಂದುವರಿದರೆ ಕೋಶವು ಆಮ್ಲಜನಕವಿಲ್ಲದೆಯೇ ಗ್ಲೂಕೋಸನ್ನು ಒಡೆಯುತ್ತದೆ. ಕೆಲಸ ಬೇಗ ಆಗುತ್ತದೆ, ಆದರೆ ಲಾಭ ಕಡಿಮೆ: ಒಂದು ಗ್ಲೂಕೋಸ್ ಅಣುವಿಗೆ 2 ಎಟಿಪಿ ಮಾತ್ರ. ಜೊತೆಗೆ ಲ್ಯಾಕ್ಟೇಟ್ ಸೇರಿಕೊಳ್ಳುತ್ತದೆ. ಮರುದಿನದ ಮೈಕೈ ನೋವಿಗೆ ಇದನ್ನು ದೂರುವವರಿದ್ದಾರೆ, ಅದು ಸರಿಯಲ್ಲ. ಲ್ಯಾಕ್ಟೇಟ್ ಒಂದೆರಡು ಗಂಟೆಯಲ್ಲೇ ಇಳಿದುಹೋಗುತ್ತದೆ. ಹೃದಯ ಅದನ್ನೇ ಇಂಧನವಾಗಿ ಬಳಸಿಕೊಳ್ಳುತ್ತದೆ.

ಸಮಾಧಾನವಾಗಿ ನಡೆಯುವಾಗ ಆಮ್ಲಜನಕಕ್ಕೆ ಕೊರತೆಯಿಲ್ಲ. ಮೈಟೊಕಾಂಡ್ರಿಯಾ ಎಂಬ ಪುಟ್ಟ ಒಲೆಗಳಲ್ಲಿ ಅದೇ ಗ್ಲೂಕೋಸ್ ಪೂರ್ತಿ ಉರಿದು ಸುಮಾರು 30 ಎಟಿಪಿ ಕೊಡುತ್ತದೆ. ಕೊಬ್ಬು ಉರಿಯುವುದೂ ಇಲ್ಲೇ. ಕೊನೆಗೆ ಉಳಿಯುವುದು ನೀರು ಮತ್ತು ನಾವು ಉಸಿರಲ್ಲಿ ಹೊರಬಿಡುವ ಇಂಗಾಲದ ಡೈಆಕ್ಸೈಡ್. ಆ ಹಿರಿಯರ ಸಕ್ಕರೆ ಹೋಗುವುದು ಹೀಗೆ.

ಇನ್ನೊಂದು ವಿಷಯ ಅವರಿಗೆ ಬಹಳ ಹಿಡಿಸಿತು. ಸುಮ್ಮನೆ ಕುಳಿತಿರುವಾಗ ಗ್ಲೂಕೋಸ್ ಸ್ನಾಯುವಿನೊಳಗೆ ಹೋಗಬೇಕಾದರೆ ಇನ್ಸುಲಿನ್ ಬಾಗಿಲು ತೆರೆಯಬೇಕು. ಟೈಪ್ 2 ಕಾಯಿಲೆಯಲ್ಲಿ ಕೋಶಗಳು ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಆದರೆ ಸ್ನಾಯು ಕೆಲಸಕ್ಕಿಳಿದಾಗ ಗ್ಲುಟ್-4 ಎಂಬ ಸಾಗಣೆಯ ಪ್ರೋಟೀನ್ ಇನ್ಸುಲಿನ್‌ನ ಅಪ್ಪಣೆಗೆ ಕಾಯದೆ ಕೋಶದ ಹೊರಪೊರೆಗೆ ಬಂದು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನಡಿಗೆ ನಿಂತ ಮೇಲೂ ಒಂದೆರಡು ದಿನ ಸ್ನಾಯುಗಳು ಇನ್ಸುಲಿನ್ ಮಾತನ್ನು ಮೊದಲಿಗಿಂತ ಚೆನ್ನಾಗಿ ಕೇಳುತ್ತವೆ. ಸತತ ಎರಡು ದಿನಕ್ಕಿಂತ ಹೆಚ್ಚು ನಡಿಗೆ ತಪ್ಪಿಸಬೇಡಿ ಎಂದು ವೈದ್ಯರು ಹೇಳುವುದು ಅದಕ್ಕೇ. ಊಟ ಮುಗಿಸಿ ಹತ್ತು ಹದಿನೈದು ನಿಮಿಷ ನಡೆದರೂ ಆ ಹೊತ್ತಿನ ಸಕ್ಕರೆಯ ಏರಿಕೆ ತಗ್ಗುತ್ತದೆ. ಮಸೀದಿ ಹತ್ತಿರವಿರುವವರು ಇಶಾ ನಮಾಝಿಗೆ ಸ್ಕೂಟರ್ ತೆಗೆಯದಿದ್ದರೆ ಅಷ್ಟು ನಡಿಗೆ ಆಗಿಯೇ ಹೋಗುತ್ತದೆ.

ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಕೆಲವು ಬಗೆಯ ಸಕ್ಕರೆ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ದೂರ ನಡೆದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಬೆವರು, ಕೈ ನಡುಕ, ತಲೆ ಸುತ್ತು ಅದರ ಲಕ್ಷಣ. ನಿಮ್ಮ ಮಾತ್ರೆ ಆ ಬಗೆಯದೋ ಎಂದು ಡಾಕ್ಟರನ್ನು ಕೇಳಿ, ಹೊರಡುವಾಗ ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇಟ್ಟುಕೊಳ್ಳಿ.