ಮೆತ್ತನೆಯ ಎಲುಬು



ಹಂದರಕ್ಕೆ ಹಸಿ ಗೂಟ ಊರಿದರೆ ಭಾರಕ್ಕೆ ಬಾಗುತ್ತದೆ. ಮಗುವಿನ ಕಾಲೂ ಹಾಗೆಯೇ. ಎಲುಬಿಗೆ ಗಟ್ಟಿತನ ಕೊಡುವುದು ಸುಣ್ಣದ ಅಂಶ ಮತ್ತು ರಂಜಕ. ಉಂಡ ಅನ್ನದೊಳಗಿನ ಸುಣ್ಣವನ್ನು ಕರುಳು ಚೆನ್ನಾಗಿ ಹೀರಬೇಕಾದರೆ ‘ಡಿ’ ಜೀವಸತ್ವ ಬೇಕು. ಇವು ಸಾಲದೆ ಹೋದರೆ ಎಲುಬು ಬಲಿಯುವುದಿಲ್ಲ. ಮಕ್ಕಳಲ್ಲಿ ಇದಕ್ಕೆ ರಿಕೆಟ್ಸ್ ಎಂದೂ ದೊಡ್ಡವರಲ್ಲಿ ಆಸ್ಟಿಯೋಮಲೇಸಿಯ ಎಂದೂ ಹೆಸರು.

ಒಂದೂವರೆ ವರ್ಷ ದಾಟಿದರೂ ನೆತ್ತಿ ಕೂಡದಿದ್ದರೆ, ಹಲ್ಲು ತಡವಾದರೆ, ಮಣಿಕಟ್ಟು ದಪ್ಪಗಾದರೆ ಅನುಮಾನಪಡಿರಿ. ನಡೆಯಹತ್ತಿದ ಮೇಲೆ ಕಾಲು ಬಿಲ್ಲಿನಂತೆ ಬಾಗುತ್ತವೆ, ಇಲ್ಲವೆ ಮೊಣಕಾಲು ಒಂದಕ್ಕೊಂದು ತಾಗುತ್ತವೆ. (ಎರಡು ವರ್ಷದೊಳಗಿನ ಕೂಸಿನ ಕಾಲು ತುಸು ಬಾಗಿರುವುದು ಸಹಜ, ಗಾಬರಿ ಬೇಡ.) ದೊಡ್ಡವರಿಗೆ ಸೊಂಟ, ತೊಡೆ ನೋಯುತ್ತವೆ, ಕುಂತಲ್ಲಿಂದ ಏಳಲು ನೆಲಕ್ಕೆ ಕೈಯೂರಬೇಕಾಗುತ್ತದೆ. ಮೇಲಿಂದ ಮೇಲೆ ಹೆತ್ತು ಹಾಲೂಡಿದ ತಾಯಂದಿರು ಇದನ್ನು ದುಡಿತದ ದಣಿವೆಂದು ನುಂಗಿಕೊಂಡಿರುತ್ತಾರೆ. ಸೊಂಟದ ಎಲುಬು ಸೊಟ್ಟಾದರೆ ಹೆರಿಗೆಯ ದಾರಿ ಇಕ್ಕಟ್ಟಾಗಿ ತಾಯಿ, ಕೂಸು ಇಬ್ಬರ ಜೀವಕ್ಕೂ ಗಂಡಾಂತರ. ಚಿಕ್ಕಂದಿನಲ್ಲಿ ರಿಕೆಟ್ಸ್ ಆಗಿದ್ದ ಹುಡುಗಿಗೂ ಈ ಭಯವುಂಟು.

“ನಮ್ಮ ಚಿಂಚೋಳಿ ಸೀಮೆಯಲ್ಲಿ ಬಿಸಿಲಿಗೇನು ಬರ?” ಎಂದು ಕೇಳುವಿರಿ. ಬಿಸಿಲುಂಟು, ಅದು ಚರ್ಮಕ್ಕೆ ತಾಗಬೇಕಲ್ಲ! ಬಾಣಂತಿಯನ್ನೂ ಕೂಸನ್ನೂ ಕತ್ತಲೆ ಕೋಣೆಯಲ್ಲಿಟ್ಟರೆ ಬಿಸಿಲು ಎಲ್ಲಿಂದ ಬರಬೇಕು? ತಾಯಿಯ ಹಾಲಿನಲ್ಲಿ ‘ಡಿ’ ಸತ್ವ ಬಹಳ ಕಡಿಮೆ. 1919ರಲ್ಲಿ ಬರ್ಲಿನ್ನಿನ ವೈದ್ಯ ಹುಲ್ಡ್‌ಶಿನ್ಸ್ಕಿ ಪಾದರಸದ ದೀಪದ ಬೆಳಕು ಹಾಯಿಸಿಯೇ ರಿಕೆಟ್ಸ್ ಮಕ್ಕಳನ್ನು ಗುಣಪಡಿಸಿದ. ಆ ಗುಣದ ಕಿರಣ ಹೊತ್ತು ಮೂಡುವಾಗಿನ ಎಳೆಬಿಸಿಲಿನಲ್ಲಿ ಅತ್ಯಲ್ಪ. ನಿಮ್ಮ ನೆರಳು ನಿಮಗಿಂತ ಗಿಡ್ಡವಾದ ಹೊತ್ತು ಒಳ್ಳೆಯದು. ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ, ತಲೆಗೆ ನೆರಳು ಮಾಡಿ, ಕೈಕಾಲಿಗೆ ಬಿಸಿಲು ತಾಗಿಸಿರಿ. ಹಸುಗೂಸನ್ನು ಮಾತ್ರ ಬಿಸಿಲಿಗೆ ಒಡ್ಡಬೇಡಿರಿ. ಅದಕ್ಕೆ ವೈದ್ಯರು ‘ಡಿ’ ಹನಿ ಕೊಡುತ್ತಾರೆ.

ಇನ್ನು ಊಟ. 100 ಗ್ರಾಂ ಜೋಳದಲ್ಲಿ ಸುಣ್ಣದ ಅಂಶ ಸುಮಾರು 28 ಮಿಲಿಗ್ರಾಂ. ರಾಗಿಯಲ್ಲಿ 350ರ ಆಸುಪಾಸು, ನುಗ್ಗೆ ಸೊಪ್ಪಿನಲ್ಲಿ 300ಕ್ಕೂ ಮಿಗಿಲು, ಎಳ್ಳಿನಲ್ಲಿ 1,200ಕ್ಕೂ ಹೆಚ್ಚು. ಜೋಳದ ರೊಟ್ಟಿ ಬಿಡಿರೆಂದು ನಾನು ಹೇಳಲಾರೆ, ಹೇಳಿದರೂ ನೀವು ಕೇಳಲಾರಿರಿ. ಆದರೆ ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿಗೆ ಹಚ್ಚುವ ಎಳ್ಳನ್ನು ದಿನದ ರೊಟ್ಟಿಗೂ ಹಚ್ಚಬಾರದೇಕೆ? ತೊಗರಿ ಬೇಳೆಗೆ ಎರಡು ಹಿಡಿ ನುಗ್ಗೆ ಸೊಪ್ಪು ಹಾಕಿರಿ. ಎಮ್ಮೆಯ ಹಾಲೆಲ್ಲ ಹೋಟೆಲಿಗೆ ಹಾಕಿ ಮಗುವಿಗೆ ಕರಿ ಚಹಾ ಕೊಡುವುದು ನನಗಂತೂ ಸರಿ ಕಾಣದು.

ಪಟ್ಟಿ ಕಟ್ಟಿದರೆ, ಎಣ್ಣೆ ತಿಕ್ಕಿದರೆ ಬಾಗಿದ ಕಾಲು ನೆಟ್ಟಗಾಗುವುದಿಲ್ಲ. ಸರ್ಕಾರಿ ದವಾಖಾನೆಯಲ್ಲಿ ಕ್ಷ-ಕಿರಣ, ರಕ್ತ ಪರೀಕ್ಷೆ ಮಾಡಿಸಿರಿ. ಎಳೆಯ ವಯಸ್ಸಿನಲ್ಲಿ ಔಷಧಿ ಸಿಕ್ಕರೆ ಬೆಳೆಯುತ್ತ ಬೆಳೆಯುತ್ತ ಬಹಳಷ್ಟು ಕಾಲು ನೆಟ್ಟಗಾಗುತ್ತವೆ. ‘ಡಿ’ ಔಷಧಿಯನ್ನು ನೀವೇ ಕೊಂಡು ಕುಡಿಸಬೇಡಿರಿ. ಹೆಚ್ಚಾದರೆ ಮೂತ್ರಪಿಂಡಕ್ಕೆ ಕೇಡು. ಒಂದೇ ಓಣಿಯ ಹಲವು ಮಕ್ಕಳ ಕಾಲು ಸೊಟ್ಟಾಗಿ, ಹಲ್ಲೂ ಕಂದುಗಟ್ಟಿದ್ದರೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಇರಬಹುದು. ಆಗ ಬೋರ್‌ವೆಲ್ ನೀರನ್ನು ಸೀಸೆಯಲ್ಲಿ ತುಂಬಿಸಿ ಪರೀಕ್ಷೆಗೆ ಕಳಿಸಲು ಪಂಚಾಯತಿಯಲ್ಲಿ ಅರ್ಜಿ ಕೊಡಿರಿ.