ಫೋಟೋದಲ್ಲಿರುವ ವಿಮಾನ ಯಾವುದು?

ಹಳೆಯ ವಿಮಾನದ ಫೋಟೋ ಕೈಗೆ ಸಿಕ್ಕಾಗ ನಾವೆಲ್ಲ ಮೊದಲು ನೋಡುವುದು ಅದರ ಕೆಳಗಿನ ಬರಹವನ್ನು. ನಾನು ಹೇಳುವುದು, ಅದನ್ನು ಕೊನೆಗೆ ಓದಿ. ಎಷ್ಟೋ ಸಲ ಫೋಟೋ ತೆಗೆದು ಇಪ್ಪತ್ತು ಮೂವತ್ತು ವರ್ಷ ಆದ ಮೇಲೆ ಯಾರೋ ಅಂದಾಜಿನ ಮೇಲೆ ಬರೆದಿರುತ್ತಾರೆ. ವಿಮಾನವಾದರೋ ಆ ದಿನ ಅಲ್ಲೇ ನಿಂತಿತ್ತು. ಅದನ್ನೇ ಕೇಳಬೇಕು.

ಮುಂಬಯಿಯಲ್ಲಿರುವ ನಮಗೆ ತೀರ ಹತ್ತಿರದ ಉದಾಹರಣೆ ಜುಹೂದ್ದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು, ಅಹಮದಾಬಾದಿನಲ್ಲಿ ಒಮ್ಮೆ ಇಳಿದು, ಜುಹೂಗೆ ಬಂದರು. ಮುಂದೆ ನೆವಿಲ್ ವಿನ್‌ಸೆಂಟ್ ಅದನ್ನು ಬಳ್ಳಾರಿ ಮಾರ್ಗವಾಗಿ ಮದರಾಸಿಗೆ ಒಯ್ದರು. (ಈ ಕಥೆ ಹೇಳುವವರು ಬಳ್ಳಾರಿಯನ್ನು ನುಂಗಿಬಿಡುತ್ತಾರೆ, ಅದಕ್ಕೇ ಹೇಳಿದೆ.) ಅವರು ಹಾರಿಸಿದ್ದು ಡಿ ಹ್ಯಾವಿಲೆಂಡ್ ಕಂಪನಿಯ ಪಸ್ ಮಾತ್ ಎಂಬ ಪುಟ್ಟ ವಿಮಾನ. ಆಮೇಲೆ 1962ರಲ್ಲಿ, ಮತ್ತೆ 1982ರಲ್ಲಿ ತಮ್ಮ 78ನೆಯ ವಯಸ್ಸಿನಲ್ಲಿ, ಟಾಟಾ ಅದೇ ದಾರಿಯಲ್ಲಿ ಹಾರಿ ಆ ದಿನವನ್ನು ನೆನೆದರು. ಆದರೆ ಆಗ ಹಾರಿಸಿದ್ದು ಪಸ್ ಮಾತ್ ಅಲ್ಲ, ಅದರ ತಮ್ಮನಂತಿರುವ ಲೆಪರ್ಡ್ ಮಾತ್.

ಎಡವಟ್ಟು ಆಗುವುದು ಇಲ್ಲೇ. ಅದೇ ಮನುಷ್ಯ, ಅದೇ ದಾರಿ, ತಲೆಯ ಮೇಲೆ ರೆಕ್ಕೆಯಿರುವ ಅಂಥದೇ ಚಿಕ್ಕ ವಿಮಾನ. ಒಂದು ಸ್ಮರಣ ಸಂಚಿಕೆಯಲ್ಲಿ ಲೆಪರ್ಡ್ ಮಾತ್‌ನ ಕಪ್ಪು ಬಿಳುಪು ಫೋಟೋ ಹಾಕಿ, ಕೆಳಗೆ ‘1932’ ಅಂತ ಅಚ್ಚು ಹಾಕಿದ್ದನ್ನು ನಾನೇ ನೋಡಿದ್ದೇನೆ. ಲೆಪರ್ಡ್ ಮಾತ್ ಮೊದಲು ಹಾರಿದ್ದೇ 1933ರಲ್ಲಿ! ಹುಟ್ಟುವ ಮೊದಲೇ ಟಪಾಲು ತಂದ ವಿಮಾನ ಅದು.

ಇವೆರಡನ್ನು ಬೇರೆ ಮಾಡುವುದು ಕಷ್ಟವಲ್ಲ. ಈ ಪುಟಗಳಲ್ಲಿ ಚಿತ್ರ ಹಾಕಲಿಕ್ಕೆ ಆಗುವುದಿಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತೇನೆ. ಮೊದಲು ರೆಕ್ಕೆ ನೋಡಿ. ಪಸ್ ಮಾತ್‌ನ ರೆಕ್ಕೆ ಬುಡದಿಂದ ತುದಿಯ ತನಕ ಹೆಚ್ಚುಕಡಿಮೆ ಒಂದೇ ಅಗಲ, ತುದಿ ಮಾತ್ರ ದುಂಡಗೆ. ಲೆಪರ್ಡ್‌ನದು ತುದಿಗೆ ಹೋಗುತ್ತ ಕಿರಿದಾಗುತ್ತದೆ, ಮುಂದಿನ ಅಂಚು ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಫೋಟೋ ಪಕ್ಕದಿಂದ ತೆಗೆದದ್ದಾಗಿ ರೆಕ್ಕೆ ಸರಿಯಾಗಿ ಕಾಣದಿದ್ದರೆ ಕಾಲು ನೋಡಿ. ಪಸ್ ಮಾತ್‌ನ ಉದ್ದನೆಯ ಕಾಲು ಚಕ್ರದಿಂದ ಮೇಲಕ್ಕೆ, ರೆಕ್ಕೆಯ ಬುಡದ ಕಡೆಗೆ ಹೋಗುತ್ತದೆ. ಲೆಪರ್ಡ್‌ನ ಕಾಲು ಮುಂದಕ್ಕೆ ಓರೆಯಾಗಿ ಎಂಜಿನ್ನಿನ ಕಡೆ ಹೋಗುತ್ತದೆ. ಇಷ್ಟು ಸಾಕು.

ಪಸ್ ಮಾತ್‌ನಲ್ಲೇ ಇನ್ನೊಂದು ಗುರುತಿದೆ, ಅದರ ಹಿಂದಿನ ಕಥೆ ಮಾತ್ರ ಸಣ್ಣದಲ್ಲ. 1930ರಿಂದ ಆಚೆಗೆ ಹಲವು ಪಸ್ ಮಾತ್‌ಗಳು ಗಾಳಿಯಲ್ಲೇ ರೆಕ್ಕೆ ಮುರಿದು ಬಿದ್ದವು, ಒಳಗಿದ್ದವರು ಸತ್ತರು. ಹುಯ್ದಾಡುವ ಗಾಳಿಯಲ್ಲಿ ರೆಕ್ಕೆಗೆ ಕೆಳಗಿನಿಂದ ಆತುಕೊಟ್ಟ ಮುಂದಿನ ಊರೆಕೋಲು ಬಾಗುತ್ತದೆ ಅಂತ ತನಿಖೆಯಲ್ಲಿ ಕಂಡಿತು. ಅದಕ್ಕೆ ಮಾಡಿದ ಉಪಾಯ ಸರಳ: ಆ ಕೋಲಿನ ನಡುವಿಗೆ ಇನ್ನೊಂದು ಗಿಡ್ಡ ಕೋಲು ಕಟ್ಟಿ ಬಿಗಿ ಮಾಡಿದರು. ಆದ್ದರಿಂದ ಫೋಟೋದಲ್ಲಿ ಆ ಗಿಡ್ಡ ಕೋಲು ಕಂಡರೆ, ಅದು ಅಪಘಾತಗಳ ಪಾಠ ಕಲಿತ ಮೇಲಿನ ವಿಮಾನ. ಭೂತಗನ್ನಡಿ ಹಿಡಿದು ಹುಡುಕಬೇಕಾದ ಗೆರೆ ಅದು, ನಾನು ಮಾತ್ರ ಅದನ್ನು ನೋಡದೆ ಬಿಡುವುದಿಲ್ಲ.

ಅಕ್ಷರಗಳು ಕಂಡರೆ ಅದೃಷ್ಟ. ಭಾರತದ ವಿಮಾನಕ್ಕೆ ವಿ.ಟಿ. ಅಂತ ಮೊದಲು, ಆಮೇಲೆ ಮೂರು ಅಕ್ಷರ. ಆಗಿನ ದಿನಗಳಲ್ಲಿ ಇವು ಬಹುಮಟ್ಟಿಗೆ ಸಾಲಾಗಿ ಮುಂದುವರಿದವು. ಟಾಟಾರ ಪಸ್ ಮಾತ್ ವಿ.ಟಿ.-ಎ.ಡಿ.ಎನ್.; 1948ರಲ್ಲಿ ಮುಂಬಯಿಯಿಂದ ಲಂಡನ್ನಿಗೆ ಹೊರಟ ಮಲಬಾರ್ ಪ್ರಿನ್ಸೆಸ್ ವಿ.ಟಿ.-ಸಿ.ಕ್ಯೂ.ಪಿ. ಮೊದಲ ಅಕ್ಷರ ‘ಎ’ಯೋ ‘ಸಿ’ಯೋ ಎಂದು ತಿಳಿದರೂ ಕಾಲದ ಅಂದಾಜು ಸಿಗುತ್ತದೆ.

ಅಕ್ಷರ ಇಲ್ಲದಿದ್ದರೆ? ಮೂತಿ ನೋಡಿ. ದುಂಡಗಿನ ಎಂಜಿನ್ ಆಗಿದ್ದರೆ ಸಿಲಿಂಡರ್ ಎಣಿಸಿ. ಒಂದೇ ಸುತ್ತಿನ ಎಂಜಿನ್ನಿನಲ್ಲಿ ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯೇ ಇರುತ್ತದೆ. ಯಾಕೆಂದರೆ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಸಿಡಿಯಬೇಕು. ಒಂದು ಬಿಟ್ಟು ಒಂದು ಅಂತ 1, 3, 5, 7, ಆಮೇಲೆ 2, 4, 6 ಸಿಡಿದರೆ ಸಮವಾಗಿ ಓಡುತ್ತದೆ. ಎಂಟಿದ್ದರೆ ಆ ಲೆಕ್ಕ ಕೂಡುವುದಿಲ್ಲ. ಅಂದರೆ ಅರ್ಧ ಮೂತಿ ಮಾತ್ರ ಕಂಡರೂ ಉಳಿದದ್ದನ್ನು ಊಹಿಸಬಹುದು.

ಈ ಎಣಿಕೆ ನಮ್ಮ ಬೆಂಗಳೂರಿನ ಮಟ್ಟಿಗೆ ಬಹಳ ಬೇಕಾದದ್ದು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಅಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. 1941ರ ಆಗಸ್ಟಿನಲ್ಲೇ ಅಲ್ಲಿಂದ ಒಂದು ವಿಮಾನ ಹಾರಿತು. ಅದು ಹಾರ್ಲೋ ಪಿ.ಸಿ.-5, ಭಾಗಗಳು ಅಮೆರಿಕದಿಂದ ಬಂದವು, ಜೋಡಿಸಿದ್ದು ಬೆಂಗಳೂರಿನಲ್ಲಿ. ಕೆಳಗೆ ರೆಕ್ಕೆ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು, ಮಡಚಿಕೊಳ್ಳುವ ಚಕ್ರ. ಇದೇ ವರ್ಣನೆ ಹಾರ್ವರ್ಡ್ ತರಬೇತಿ ವಿಮಾನಕ್ಕೂ ಒಪ್ಪುತ್ತದೆ. ಹಾರ್ವರ್ಡ್‌ಗಳು ಸಾವಿರಗಟ್ಟಲೆ ಇದ್ದವು, ಹಾರ್ಲೋ ತೀರ ವಿರಳ. ಹೀಗಾಗಿ ಯಾರಾದರೂ ಹಾರ್ವರ್ಡ್ ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಹಾರ್ವರ್ಡ್‌ಗೆ ಒಂಬತ್ತು ಸಿಲಿಂಡರಿನ, ಸುಮಾರು 600 ಅಶ್ವಶಕ್ತಿಯ ದಪ್ಪ ಎಂಜಿನ್. ಹಾರ್ಲೋಗೆ ಏಳೇ ಸಿಲಿಂಡರು, ಶಕ್ತಿಯೂ ಬಹಳ ಕಡಿಮೆ. ಪಕ್ಕದಲ್ಲಿ ಮನುಷ್ಯ ನಿಂತಿದ್ದರೆ ಮೂತಿಯ ಗಾತ್ರದಲ್ಲೇ ಗೊತ್ತಾಗುತ್ತದೆ. ಇಲ್ಲಿ ಹೆಸರು ತಪ್ಪಿದರೆ ಹೋಗುವುದು ಬರೀ ಹೆಸರಲ್ಲ. ಕಾರ್ಖಾನೆ ಶುರುವಾದ ವರ್ಷದೊಳಗೆ ವಿಮಾನ ಜೋಡಿಸಿ ಹಾರಿಸಿದ ಆ ಕೆಲಸಗಾರರ ದುಡಿಮೆ ಪರದೇಶದ ಲೆಕ್ಕಕ್ಕೆ ಜಮೆಯಾಗುತ್ತದೆ.

ಬಣ್ಣವನ್ನು ಮಾತ್ರ ನಂಬಬೇಡಿ. ಹಳೆಯ ಫಿಲ್ಮಿನಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬೆಳ್ಳಗೂ ಬೀಳುತ್ತಿತ್ತು. ನೆಗೆಟಿವ್ ತಿರುವುಮುರುವಾಗಿ ಅಚ್ಚಾದದ್ದೂ ಉಂಟು. ಅಕ್ಷರ ಇದ್ದರೆ ಕೂಡಲೇ ತಿಳಿಯುತ್ತದೆ, ಇಲ್ಲದಿದ್ದರೆ ಹತ್ತಿರ ನಿಂತವರ ಕೋಟಿನ ಗುಂಡಿ ನೋಡಿ. ಗಂಡಸರ ಕೋಟಿನಲ್ಲಿ ಎಡಭಾಗ ಮೇಲೆ ಬರುತ್ತದೆ.

ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಅಂಥ ಫೋಟೋ ಇದ್ದರೆ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಿ, ಪೆನ್ನು ಬೇಡ, ಮಸಿ ಮುಂದಕ್ಕೆ ಒಸರುತ್ತದೆ. ಕಣ್ಣಿಗೆ ಕಂಡದ್ದು ಒಂದು ಸಾಲು, ಮನೆಯವರು ಹೇಳಿದ್ದು ಇನ್ನೊಂದು ಸಾಲು, ಎರಡನ್ನೂ ಕಲಸಬೇಡಿ. ಆಮೇಲೆ ನನಗೂ ಒಮ್ಮೆ ತೋರಿಸಿ.