ಎಲುಬಿನ ಲೆಕ್ಕ ಬೇರೆ, ಮಂಡಿಯ ಲೆಕ್ಕ ಬೇರೆ

ರಿಯೊ ಒಲಿಂಪಿಕ್ಸ್, 2016ರ ಆಗಸ್ಟ್ 6. ಫ್ರಾನ್ಸಿನ ಜಿಮ್ನಾಸ್ಟ್ ಸಮೀರ್ ಐತ್ ಸಯೀದ್ ವಾಲ್ಟ್‌ನಿಂದ ಚಿಮ್ಮಿ, ಗಾಳಿಯಲ್ಲಿ ಪಲ್ಟಿ ಹೊಡೆದು ಕೆಳಗಿಳಿದರು. ಎಡಗಾಲು ಊರಿದ್ದೇ ತಡ, ಮೊಣಕಾಲಿನ ಕೆಳಗಿನ ಎರಡೂ ಎಲುಬು ಒಟ್ಟಿಗೆ ಮುರಿದವು. ಅದಕ್ಕೂ ನಾಲ್ಕು ವರ್ಷ ಮುಂಚೆ ಮೊಣಕಾಲಿನ ಪೆಟ್ಟು ಅವರಿಗೆ ಲಂಡನ್ ಒಲಿಂಪಿಕ್ಸ್ ತಪ್ಪಿಸಿತ್ತು. ಇಷ್ಟಾದ ಮೇಲೂ 2019ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರಿಂಗ್ಸ್‌ನಲ್ಲಿ ಕಂಚು ಗೆದ್ದರು. ಟೋಕಿಯೊದಲ್ಲಿ ಫ್ರಾನ್ಸಿನ ಧ್ವಜ ಹಿಡಿದು ನಡೆದರು, ರಿಂಗ್ಸ್‌ನಲ್ಲಿ ನಾಲ್ಕನೆಯವರಾದರು. 2024ರಲ್ಲಿ, 34ನೇ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲಿ ಮತ್ತೆ ನಾಲ್ಕನೆಯವರು. ಎರಡೂ ಸಲ ಕಂಚು ಸಿಕ್ಕಿದ್ದು ಗ್ರೀಸಿನ ಪೆಟ್ರೂನಿಯಾಸ್ ಅವರಿಗೆ.

ಇಂಥ ಕಥೆ ಕೇಳಿದಾಗ ನಾವು ಛಲವನ್ನು ಹೊಗಳಿ ಸುಮ್ಮನಾಗುತ್ತೇವೆ. ಛಲ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಐತ್ ಸಯೀದ್ ಮತ್ತೆ ಹಾರಿದ್ದಕ್ಕೆ ಇನ್ನೊಂದು ಕಾರಣವಿದೆ: ಅವರಿಗೆ ಮುರಿದದ್ದು ಎಲುಬು. ದೇಹದ ಬೇರೆ ಭಾಗಗಳಿಗೆ ಅಂಥ ಅದೃಷ್ಟವಿಲ್ಲ.

ಮೊದಲು ಪೆಟ್ಟಿನ ಲೆಕ್ಕ ನೋಡೋಣ. ರಿಂಗ್ಸ್ ನೆಲದಿಂದ 2.8 ಮೀಟರ್ ಎತ್ತರದಲ್ಲಿ ತೂಗುತ್ತವೆ. ಅಷ್ಟು ಎತ್ತರದಿಂದ ಬಿದ್ದ ದೇಹ ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 27 ಕಿಲೋಮೀಟರ್. ಸೊಂಟ, ಮೊಣಕಾಲು, ಹರಡು ಬಗ್ಗಿಸಿ ಅರ್ಧ ಮೀಟರ್ ಅಂತರದಲ್ಲಿ ಆ ವೇಗವನ್ನು ತಡೆದರೆ ಕಾಲಿನ ಮೇಲೆ ಬೀಳುವ ಬಲ ಸರಾಸರಿ ದೇಹತೂಕದ ಆರೂವರೆ ಪಟ್ಟು. ಕಾಲು ಸೆಟೆದು ಹತ್ತು ಸೆಂಟಿಮೀಟರ್‌ನಲ್ಲೇ ನಿಂತರೆ ಅದೇ ಬಲ 29 ಪಟ್ಟಿಗೇರುತ್ತದೆ. ಆದರೆ ಕಾಲು ಹೆಚ್ಚು ಬಗ್ಗಿದರೆ, ಇಳಿದ ಮೇಲೆ ಒಂದು ಹೆಜ್ಜೆ ಜರುಗಿದರೆ ತೀರ್ಪುಗಾರರು ಅಂಕ ಕಳೆಯುತ್ತಾರೆ. ಕಾಲನ್ನು ಕಾಪಾಡುವ ಇಳಿತವೇ ಬೇರೆ, ಅಂಕ ತರುವ ಇಳಿತವೇ ಬೇರೆ. ಈ ಆಟದ ಗಾಯಗಳಲ್ಲಿ ಹಲವು ಹುಟ್ಟುವುದು ಈ ಎರಡರ ನಡುವೆ.

ಎಲುಬು ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ವಾರ ಎರಡು ವಾರದಲ್ಲಿ ಅಲ್ಲಿ ಮೆದು ಗಂಟೊಂದು ಬೆಳೆದು, ಮುಂದಿನ ಕೆಲವು ವಾರಗಳಲ್ಲಿ ಅದಕ್ಕೆ ಸುಣ್ಣದಂಶ ತುಂಬಿ ಗಟ್ಟಿಯಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಒಂದು ಬಗೆಯ ಕೋಶಗಳು ಹೆಚ್ಚಿನದನ್ನು ಕರಗಿಸುತ್ತವೆ, ಇನ್ನೊಂದು ಬಗೆಯವು ಬೇಕಾದಲ್ಲಿ ಕಟ್ಟುತ್ತವೆ. ಕೊನೆಗೆ ಉಳಿಯುವುದು ಅಸಲಿ ಎಲುಬೇ, ಕಲೆಯಲ್ಲ. ಎಲ್ಲಿ ಕಟ್ಟಬೇಕು ಎಂದು ಆ ಕೋಶಗಳಿಗೆ ಹೇಳುವುದು ಭಾರ. ಭಾರ ಬಿದ್ದ ಕಡೆ ಎಲುಬು ದಪ್ಪಗಾಗುತ್ತದೆ, ಬೀಳದ ಕಡೆ ಸವೆಯುತ್ತದೆ. ಜರ್ಮನಿಯ ವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಇದನ್ನು ಬರೆದಿಟ್ಟರು. ನಮ್ಮೂರ ಕಡೆ ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ ಎಲುಬು ಅಲುಗದಂತೆ ಮಾಡುತ್ತಿದ್ದುದು ಸರಿಯಾದ ಮೊದಲ ಹೆಜ್ಜೆ. ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬೇಡ ಎನ್ನುವ ಮಾತು ಮಾತ್ರ ಈಗ ನಡೆಯುವುದಿಲ್ಲ. ಎಲುಬು ಕೂಡಿದ ಗುರುತು ಎಕ್ಸ್‌ರೇಯಲ್ಲಿ ಕಂಡಂತೆ ವೈದ್ಯರು ಸ್ವಲ್ಪ ಸ್ವಲ್ಪವೇ ಭಾರ ಹಾಕಿಸುತ್ತಾರೆ. ಅದೂ ಚಿಕಿತ್ಸೆಯೇ.

ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುವಿನ ಕಥೆ ಇಷ್ಟು ಸುಲಭವಲ್ಲ. ಬೈತಖೋಲ ಬಂದರಿನಲ್ಲಿ ದೋಣಿ ಬಿಗಿಯುವ ಹಗ್ಗದಂತೆ ಅದು ಎಳೆ ಎಳೆಯಾಗಿ ಹೊಸೆದದ್ದು. ಎಳೆಗಳೆಲ್ಲ ಕೊಲಾಜೆನ್ ಎಂಬ ಪ್ರೋಟೀನಿನವು. ಅದಕ್ಕೆ ರಕ್ತದ ಸರಬರಾಜು ಕಡಿಮೆ. 2013ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಹಿಮ್ಮಡಿಯ ಅಕಿಲಿಸ್ ರಜ್ಜುವಿನ ವಯಸ್ಸು ಹುಡುಕಲು ಸೊಗಸಾದ ದಾರಿ ಹಿಡಿದರು. 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಏರಿ, ಆಮೇಲೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಅದು ಅನ್ನದ ಮೂಲಕ ಎಲ್ಲರ ಮೈಯೊಳಗೂ ಸೇರಿದೆ. ರಜ್ಜುವಿನಲ್ಲಿ ಅದನ್ನು ಅಳೆದಾಗ, ಹದಿನೇಳರ ಆಸುಪಾಸಿನಲ್ಲಿ ಕಟ್ಟಿ ಮುಗಿದ ಒಳತಿರುಳು ಮುಂದೆ ಬಹುತೇಕ ಬದಲಾಗುವುದೇ ಇಲ್ಲ ಎಂದು ತಿಳಿಯಿತು. ಸ್ನಾಯು ಮಾತ್ರ ಹೊಸತಾಗುತ್ತಲೇ ಇರುತ್ತದೆ.

ರಷ್ಯಾದ ಆರ್ಟರ್ ದಲಲೋಯಾನ್ ಅವರಿಗೆ 2021ರ ಏಪ್ರಿಲ್‌ನಲ್ಲಿ ಹರಿದದ್ದು ಇದೇ ರಜ್ಜು. ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳಿಗೆ ಅವರು ಟೋಕಿಯೊದಲ್ಲಿದ್ದರು. ಜಪಾನನ್ನು 0.103 ಅಂಕದಿಂದ ಹಿಂದಿಕ್ಕಿ ಚಿನ್ನ ಗೆದ್ದ ತಂಡದಲ್ಲಿ ಅವರೂ ಒಬ್ಬರು. ಆರೂ ಸಲಕರಣೆಗಳ ವೈಯಕ್ತಿಕ ಸ್ಪರ್ಧೆಯಲ್ಲಿ ಆರನೆಯವರಾದರು. ಹರಿದ ಜಾಗದಲ್ಲಿ ಮೊದಲು ಬೆಳೆಯುವುದು ತೆಳ್ಳನೆಯ, ಅಡ್ಡಾದಿಡ್ಡಿ ಎಳೆಗಳ ಕೊಲಾಜೆನ್. ಅದು ಗಟ್ಟಿಯಾಗಿ ಜೋಡಣೆಗೊಳ್ಳಲು ವರ್ಷವೋ ಹೆಚ್ಚೋ ಬೇಕು. ಮೂರು ತಿಂಗಳಿನ ರಜ್ಜು ಇನ್ನೂ ಎಳಸು. ಅವರ ಗೆಲುವಿಗೆ ನನ್ನ ಮೆಚ್ಚುಗೆಯಿದೆ. ಬೇರೆಯವರು ಅದನ್ನು ಅಳತೆಗೋಲಾಗಿ ಹಿಡಿಯುವುದು ನನಗೆ ಭಯ ಹುಟ್ಟಿಸುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಕೀಲಿನೊಳಗಿನ ಮೃದ್ವಸ್ಥಿ. ಅದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಸವೆತ ಶುರುವಾದದ್ದು ಬೇಗ ಗೊತ್ತಾಗುವುದಿಲ್ಲ, ಗೊತ್ತಾದಾಗ ಮೊದಲಿನಂತೆ ಬೆಳೆಸಲು ದೇಹಕ್ಕೆ ಬರುವುದಿಲ್ಲ. ಬಾಳೆಗುಳಿ, ಅಂಕೋಲೆ ಕಡೆ ಯಕ್ಷಗಾನದ ಆಟ ನೋಡಿದವರಿಗೆ ಬಡಗುತಿಟ್ಟಿನ ಮಂಡಿ ಕುಣಿತವನ್ನು ವಿವರಿಸಬೇಕಾಗಿಲ್ಲ: ವೇಷದ ಭಾರ ಹೊತ್ತು, ಮೊಣಕಾಲೂರಿ, ಚೆಂಡೆಯ ಪೆಟ್ಟಿಗೆ ಗಿರಗಿರನೆ ಸುತ್ತುವುದು. ಎಷ್ಟೋ ಕಲಾವಿದರು ರಾತ್ರಿ ಮಂಡಿ ಹಾಕಿ ಬೆಳಿಗ್ಗೆ ಮೆಟ್ಟಿಲು ಹತ್ತಲು ಒದ್ದಾಡುತ್ತಾರೆ. ಜನ ಚಪ್ಪಾಳೆ ತಟ್ಟುವ ಸುತ್ತುಗಳ ಎಣಿಕೆ ಹೆಚ್ಚಿದಷ್ಟೂ ಚಿಪ್ಪಿನ ಹಿಂದಿನ ಮೃದ್ವಸ್ಥಿಗೆ ಉಜ್ಜಾಟ ಹೆಚ್ಚು.

ಮಂಡಿಯ ಇಂಥ ಕಥೆ ಜಿಮ್ನಾಸ್ಟಿಕ್ಸ್‌ನಲ್ಲೂ ಇದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಶುನ್ ಫುಜಿಮೊಟೊ ನೆಲದ ವ್ಯಾಯಾಮದಲ್ಲಿ ಮಂಡಿಚಿಪ್ಪು ಮುರಿದುಕೊಂಡು, ಯಾರಿಗೂ ಹೇಳದೆ ರಿಂಗ್ಸ್ ಏರಿ, ಅದೇ ಕಾಲಿನ ಮೇಲೆ ಇಳಿದು 9.7 ಅಂಕ ಪಡೆದರು. ಇಳಿದ ಏಟಿಗೆ ಚಿಪ್ಪು ಜಾರಿ, ಎಲುಬುಗಳನ್ನು ಹಿಡಿದಿಡುವ ಕಟ್ಟುಗಳು ಹರಿದವು. ಜಪಾನ್ ಸೋವಿಯತ್ ತಂಡವನ್ನು 0.4 ಅಂಕದಿಂದ ಸೋಲಿಸಿತು. ಮತ್ತೆ ಹಾಗೆ ಮಾಡುತ್ತೀರಾ ಎಂದು ಮುಂದೆ ಕೇಳಿದಾಗ ಅವರು ಇಲ್ಲವೆಂದರು. ಕ್ರೀಡಾಭಾಷಣಗಳಲ್ಲಿ ಅವರ ಜಿಗಿತವಿರುತ್ತದೆ, ಈ ಉತ್ತರವಿರುವುದಿಲ್ಲ.

ಮಕ್ಕಳ ವಿಷಯದಲ್ಲಿ ಇದೆಲ್ಲ ಇನ್ನೂ ಸೂಕ್ಷ್ಮ. ಜಿಮ್ನಾಸ್ಟಿಕ್ಸ್‌ನಲ್ಲಿ, ಮಲ್ಲಕಂಬದಲ್ಲಿ ಮಣಿಕಟ್ಟಿನ ಮೇಲೂ ಮೈಭಾರ ಬೀಳುತ್ತದೆ. ಮುಂದೋಳಿನ ಎಲುಬಿನ ತುದಿಯಲ್ಲಿರುವ ಬೆಳವಣಿಗೆಯ ಪದರ ಹದಿಹರೆಯ ಮುಗಿಯುವವರೆಗೆ ಮೆದುವಾಗಿಯೇ ಇರುತ್ತದೆ. ಕೈಯೂರಿದಾಗ ಹೆಬ್ಬೆರಳಿನ ಕಡೆಯ ಮಣಿಕಟ್ಟು ದಿನವೂ ನೋಯುತ್ತಿದ್ದರೆ ಅದನ್ನು ಉಳುಕು ಎಂದು ತಿಕ್ಕಿ ಬಿಡಬಾರದು. ಎಕ್ಸ್‌ರೇ ತೆಗೆಸಿ, ನೋವು ಪೂರ್ತಿ ಹೋಗುವವರೆಗೆ ಕೈಮೇಲೆ ಭಾರ ಹಾಕುವ ಅಭ್ಯಾಸ ನಿಲ್ಲಿಸಬೇಕು. ಆ ಪದರ ಹೊತ್ತಿಗೆ ಮೊದಲೇ ಮುಚ್ಚಿಕೊಂಡರೆ ಒಂದು ಎಲುಬು ಗಿಡ್ಡವಾಗಿ ಉಳಿದು ಪಕ್ಕದ್ದು ಬೆಳೆಯುತ್ತಲೇ ಹೋಗುತ್ತದೆ, ಮಣಿಕಟ್ಟು ಓರೆಯಾಗುತ್ತದೆ. ವಿಶ್ರಾಂತಿಯ ಅವಧಿಯಲ್ಲಿ ಕಾಲಿನ, ಹೊಟ್ಟೆಯ ಕಸರತ್ತು ಮುಂದುವರಿಸಲು ಅಡ್ಡಿಯಿಲ್ಲ.